ಜಮಖಾನದ ಕೆಳಗಿನ ಮುಖ

ಆ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಮಾರುದ್ದದ ಹೆಸರೊಂದಿತ್ತು. ಗದಗ-ಬೆಟಗೇರಿಯ ‘ಬೆಳಕಿನಮನೆ’ ಸಂಗ್ರಹಾಲಯದಲ್ಲಿ ಮಾತ್ರ ಎಲ್ಲರೂ ಅದನ್ನು ಗಾಣ ಎಂದೇ ಕರೆಯುತ್ತಿದ್ದರು. ಊರಿನ ಗಾಣ ಕುಸುಬೆಯಿಂದ ಎಣ್ಣೆ ತೆಗೆದ ಹಾಗೆ ಇದು ಹಳೆಯ ಫೋಟೋ ಗಾಜುಗಳಿಂದ ಕಾಲ ತೆಗೆಯುತ್ತಿತ್ತು. ಗಾಣಕ್ಕೆ ಹಾಕಿದ ಕುಸುಬೆ ಮರಳಿ ಕುಸುಬೆಯಾಗುವುದಿಲ್ಲ ಎನ್ನುವುದನ್ನು ಮಾತ್ರ ಅಲ್ಲಿ ಯಾರೂ ಹೆಚ್ಚು ಯೋಚಿಸುತ್ತಿರಲಿಲ್ಲ.

ಹಿಂದಿನ ಕಾಲದ ಫೋಟೋ ಎಂದರೆ ಈಗಿನಂತೆ ಚಿಟಿಕೆ ಹೊಡೆಯುವುದರೊಳಗೆ ಮುಗಿಯುವ ಬಾಬತ್ತಲ್ಲ. ಸ್ಟುಡಿಯೋದವನು ಮಸೂರದ ಮುಚ್ಚಳ ತೆಗೆದು, ಮನಸ್ಸಿನಲ್ಲೇ ನಾಲ್ಕು ಎಣಿಸಿ, ಮತ್ತೆ ಮುಚ್ಚುತ್ತಿದ್ದ. ಆ ನಾಲ್ಕು ಸೆಕೆಂಡು ಬಿದ್ದ ಬೆಳಕೆಲ್ಲ ಗಾಜಿಗೆ ಬಳಿದ ಬೆಳ್ಳಿಯ ಲೇಪದಲ್ಲಿ ಕಲೆಸಿಹೋಗಿ ಒಂದೇ ಚಿತ್ರವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಕಲೆಸಿಹೋಗಿಲ್ಲ, ಒಂದರ ಮೇಲೊಂದು ಕೂತಿದೆ ಎಂದು ತೋರಿಸಿದವರು ಸಂಗ್ರಹಾಲಯದ ವಿಜ್ಞಾನಿ ಡಾ. ಫಕೀರೇಶ ಮುಳಗುಂದ. ಬೆಳ್ಳಿಯ ಒಂದೊಂದು ಕಣವೂ ಬೆಳಕು ಬಿದ್ದ ಸರದಿಯಲ್ಲೇ ಪದರ ಪದರವಾಗಿ ಬಲಿತಿರುತ್ತದೆ. ಲೇಸರ್‌ನಿಂದ ಆ ಪದರಗಳನ್ನು ಹೆರೆಯುತ್ತ ಹೋದರೆ ಕೊನೆಯ ಗಳಿಗೆಯಿಂದ ಮೊದಲ ಗಳಿಗೆಯವರೆಗೆ ಎಲ್ಲವನ್ನೂ ಓದಬಹುದು. ಸತ್ತು ಮಣ್ಣಾದ ಮದುಮಗ ಮೀಸೆಯೊಳಗೇ ನಕ್ಕದ್ದು, ಅವನ ಪಕ್ಕದ ಹುಡುಗಿ ಓರೆಗಣ್ಣಿಂದ ಅವನನ್ನು ನೋಡಿ ತಲೆ ತಗ್ಗಿಸಿದ್ದು, ಎಲ್ಲ ಪರದೆಯ ಮೇಲೆ ಚಲಿಸುತ್ತಿತ್ತು.

ಆದರೆ ಹೆರೆದ ಬೆಳ್ಳಿ ಆವಿಯಾಗಿ ಹೋಗುತ್ತದೆ. ಒಂದು ಗಾಜು, ಒಂದೇ ಸಲ. ಇಡೀ ಗಾಜನ್ನು ಓದಲು ವಾರಗಟ್ಟಲೆ ಬೇಕು. ಹಾಗಾಗಿ ಬೇಕಾದ ಜಾಗಕ್ಕೆ ಮೊದಲೇ ಚೌಕಟ್ಟು ಹಾಕಿ ಕೊಡಬೇಕಿತ್ತು. ಚೌಕಟ್ಟಿನ ಒಳಗಿನದನ್ನು ಗಾಣ ಓದುತ್ತಿತ್ತು. ಹೊರಗಿನದು ಆ ಶಾಖಕ್ಕೇ ಸುಟ್ಟುಹೋಗುತ್ತಿತ್ತು.

ಚೌಕಟ್ಟು ಹಾಕುವವಳು ಶಾಲ್ಮಲಾ ಕುಂದರಗಿ. ಫೋಟೋ ಕಲಾವಿದೆ, ಕೈಚಳಕದವಳು, ಸ್ವಲ್ಪ ಅವಸರದವಳು. ಊರವರ ಟ್ರಂಕುಗಳಿಂದ ಬಂದ ಮನೆ ಫೋಟೋಗಳು ಒಂದು ಕಡೆ, ಮುಚ್ಚಿಹೋದ ಮಿಣಜಗಿ ಸ್ಟುಡಿಯೋದ ವಾರಸುದಾರರು ಸಂಗ್ರಹಾಲಯಕ್ಕೆ ಕೊಟ್ಟ ಗಾಜುಗಳ ರಾಶಿ ಇನ್ನೊಂದು ಕಡೆ. ಇವೆರಡನ್ನೂ ಹೆಣೆದು ಅವಳು ‘ನಾಲ್ಕು ಉಸಿರು’ ಎಂಬ ಪ್ರದರ್ಶನ ಮಾಡಿದ್ದಳು. ಅದರಲ್ಲಿ ಎಲ್ಲರ ಕಣ್ಣು ಸೆಳೆಯುತ್ತಿದ್ದದ್ದು ಒಂದು ಕೂಸಿನ ಚಿತ್ರ. ನವಿಲಿನ ಚಿತ್ತಾರದ ನವಲಗುಂದದ ಜಮಖಾನ ಹೊದಿಸಿದ ಕುರ್ಚಿ, ಅದರ ಮೇಲೆ ಕುಲಾವಿ ಹಾಕಿಕೊಂಡು ಕೂತ ಕೂಸು. ಕೂಸುಗಳು ಅಲುಗಾಡುತ್ತವೆಂದು ಆಗ ತಾಯಂದಿರೇ ಕುರ್ಚಿಯ ಹಿಂದೆ ಜಮಖಾನ ಮುಸುಕು ಹಾಕಿಕೊಂಡು ಕೂತು ಹಿಂದಿನಿಂದ ಕೂಸನ್ನು ಹಿಡಿದಿರುತ್ತಿದ್ದರು. ಹಾಗೆ ಹಿಡಿದರೂ ಆ ರಾಶಿಯಲ್ಲಿದ್ದ ಕೂಸುಗಳೆಲ್ಲ ಮಸುಕು ಮಸುಕು. ಇದೊಂದು ಮಾತ್ರ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಫೋಟೋದವರ ಕಣ್ಣಿಗೆ ಅಲುಗಾಡದ ಕೂಸು ಎಂದರೆ ಬಂಗಾರ. ಶಾಲ್ಮಲಾ ಹಿಂದೆಮುಂದೆ ನೋಡದೆ ಅದಕ್ಕೆ ಚೌಕಟ್ಟು ಹಾಕಿದಳು, ಕೂಸಿಗೆ ಸರಿಯಾಗಿ, ಬಿಗಿಯಾಗಿ.

ಗಾಣದಿಂದ ಬಂದದ್ದು ನೋಡಿ ಅವಳಿಗೆ ನಿರಾಸೆಯಾಯಿತು. ಕೂಸು ಅಲುಗಲೇ ಇಲ್ಲ. ಮೇಲಾಗಿ ಕಣ್ಣುಗಳಿದ್ದ ಜಾಗ ಖಾಲಿ. ಆ ಕಣ್ಣುಗಳನ್ನು ಸ್ಟುಡಿಯೋದವನು ಗಾಜಿನ ಮೇಲೆ ಪೆನ್ಸಿಲ್‌ನಿಂದ ಬರೆದಿದ್ದ. ಪೆನ್ಸಿಲ್ ಗೀಟನ್ನು ಗಾಣ ಓದುವುದಿಲ್ಲ. ಕೂಸು ಕಣ್ಣು ಪಿಳಿಪಿಳಿಸಿ ಕೆಡಿಸಿದರೆ ಹಾಗೆ ಬರೆದು ಸರಿಮಾಡುವುದು ಆಗಿನ ಎಲ್ಲ ಸ್ಟುಡಿಯೋಗಳ ರೂಢಿ. ಹಾಗಾಗಿ ಅವಳಿಗೆ ಸಂಶಯವೇ ಬರಲಿಲ್ಲ. ಇನ್ನೊಂದು ಗಾಜಿನ ಕೂಸಿನಿಂದ ಎರಡು ಕಣ್ಣು ತಂದು ಇಟ್ಟಳು, ಒಮ್ಮೆ ಮಿಟುಕಿಸುವಂತೆ ಮಾಡಿದಳು. ಹಿಂದಿನ ಜಮಖಾನ ನಡುಗುತ್ತಲೇ ಇತ್ತು. “ಗಾಣದ ಮೋಟಾರ್ ನಡುಗಿರಬೇಕು, ಒರಸಿಬಿಡು” ಅಂದರು ಫಕೀರೇಶ. ಒರೆಸಿಬಿಟ್ಟಳು. ಚಿತ್ರ ಬಸ್‌ಸ್ಟ್ಯಾಂಡಿನ ಮುಂದಿನ ದೊಡ್ಡ ಬೋರ್ಡಿಗೂ ಏರಿತು.

ಆ ಬೋರ್ಡು ನೋಡಿಯೇ ಅವರಿಬ್ಬರು ಬಂದದ್ದು. ಒಬ್ಬಳು ಶಿವಲೀಲಾ, ಬಸ್ ಕಂಡಕ್ಟರ್, ಖಾಕಿ ಅಂಗಿಯಲ್ಲೇ ಇದ್ದಳು. ಅವಳ ತೋಳು ಹಿಡಿದುಕೊಂಡು ಬಂದವಳು ಅವಳ ಅಜ್ಜಿ, ತಿಪ್ಪವ್ವ. ತೊಂಬತ್ತು ದಾಟಿದ ಜೀವ, ಬೆನ್ನು ಬಾಗಿದ್ದರೂ ಕಣ್ಣು ಚುರುಕು.

“ಮೇಡಂ, ಇದು ನಮ್ಮ ಮನ್ಯಾಗಿನ ಫೋಟೋ ರೀ” ಅಂದಳು ಶಿವಲೀಲಾ. “ದೇವರ ಮಾಡದ ಬಾಜೂಕ ತೂಗಬಿಟ್ಟೀವಿ. ಬೋರ್ಡಿನ ಮ್ಯಾಲೆ ನೋಡಿ ನನಗ ಗಾಬರಿ ಆತು. ಮನ್ಯಾಗ ಹೇಳಿದ್ನಿ, ಕರಕೊಂಡು ಹೋಗಂತ ನಮ್ಮ ಆಯಿ ಗಂಟುಬಿದ್ಲು.”

ಗಾಜುಗಳನ್ನು ಕೊಟ್ಟವರು ಸ್ಟುಡಿಯೋದವರು. ಗಾಜಿನೊಳಗಿನವರನ್ನು ಯಾರೂ ಕೇಳಿರಲಿಲ್ಲ. ಶಾಲ್ಮಲಾ ಏನೋ ಸಮಜಾಯಿಷಿ ಹೇಳಹೊರಟಳು. ತಿಪ್ಪವ್ವ ಕೈಬೀಸಿ ತಡೆದಳು.

“ಇರ್ಲಿ ಬಿಡವಾ. ಫೋಟೋ ಇರೂದು ನೋಡಾಕ. ಮಂದಿ ನೋಡ್ಲಿ.”

ಮುದುಕಿ ಪರದೆಯ ಮುಂದೆ ಹೋಗಿ ನಿಂತಳು. ಕೂಸು ಕಣ್ಣು ಮಿಟುಕಿಸಿತು. ನಾಲ್ಕು ಸೆಕೆಂಡು ಮುಗಿದು ಮತ್ತೆ ಶುರುವಾಗಿ ಮತ್ತೆ ಮಿಟುಕಿಸಿತು. ಮುದುಕಿ ಮುಂದಿನ ಕಟಕಟೆಯ ಸರಳು ಹಿಡಿದುಕೊಂಡಳು.

“ಅದು ಖರೇನ ಕಣ್ಣು ಮಿಟುಕಿಸೇತೇನವಾ? ಅವತ್ತು, ಸ್ಟುಡಿಯೋದಾಗ?”

ಎಲ್ಲರಿಗೂ ಹೇಳಿ ಹೇಳಿ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ ಶಾಲ್ಮಲಾಳ ಬಾಯಿಂದ ತಾನಾಗಿಯೇ ಬಂತು. “ಗಾಣ ಸುಳ್ಳು ಹೇಳಂಗಿಲ್ಲ ಆಯೀ. ಅವತ್ತು ಆಗಿದ್ದನ್ನಷ್ಟ ತೋರಸ್ತೈತಿ.”

ಗಾಣ ಸುಳ್ಳು ಹೇಳುವುದಿಲ್ಲ, ಅದೇನೋ ಖರೆ. ಗಾಣದ ಮುಂದೆ ಕೂತವರ ಮಾತು ಬೇರೆ. ಆದರೆ ಕಲೆಯಲ್ಲಿ ಇಷ್ಟು ನಡೆಯುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಾಗಿತ್ತು. ಮುದುಕಿಯ ಮುಖ ಬಿಳಿಚಿದ್ದನ್ನೂ ಅವಳು ನೋಡಿದಳು. ಜನ ಆ ಪರದೆಯ ಮುಂದೆ ಕಣ್ಣೀರು ಹಾಕುವುದು ಅವಳಿಗೆ ಹೊಸದಲ್ಲ.

“ಈ ಕೂಸು ನೀವ ಏನ್ರಿ?”

“ಹೂಂ ರೀ, ನಮ್ಮ ಆಯೀನ” ಅಂದಳು ಶಿವಲೀಲಾ ಹೆಮ್ಮೆಯಿಂದ. ತಿಪ್ಪವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳ ಕಣ್ಣು ಜಮಖಾನದ ಮೇಲಿತ್ತು.

“ಅದರ ಹಿಂದ ನಮ್ಮವ್ವ ಅದಾಳ” ಅಂದಳು. “ಆಕೀ ಮಾರಿ ನಾ ನೋಡಿಲ್ಲ ತಂಗಿ. ನನಗ ಹಲ್ಲು ಬರೂದ್ರೊಳಗ ಹೋಗಿಬಿಟ್ಲು. ನಮ್ಮ ಚಿಗವ್ವ ಹೇಳತಿದ್ಲು, ಫೋಟೋದಾಂವ ಮುಚ್ಚಳ ತಗದ ಮ್ಯಾಲೆ ನಮ್ಮವ್ವ ತಡಕೊಳ್ಳಾಕ ಆಗದ ಜಮಖಾನ ಸರಿಸಿ ಮಾರಿ ಹೊರಗ ಹಾಕಿ ಒಮ್ಮೆ ಕೂಸಿನ್ನ ನೋಡಿದ್ಲಂತ. ಆಂವ ಬೈದನಂತ. ಮತ್ತ ಒಳಗ ಹೋದ್ಲು. ಮನ್ಯಾಗಿನ ಫೋಟೋದಾಗ ಆ ಮಾರಿ ಬಂದಿಲ್ಲ. ನಿಮ್ಮ ಗಾಣದಾಗ ಬಂದಿದ್ರ ತೋರಸವಾ. ಒಮ್ಮೆ. ಸಾಯೂದ್ರೊಳಗ ನಾ ನಮ್ಮವ್ವನ ಮಾರಿ ನೋಡಬೇಕು.”

ಶಾಲ್ಮಲಾಳಿಗೆ ತಾನು ಹಾಕಿದ ಚೌಕಟ್ಟು ಕಣ್ಣಿಗೆ ಕಟ್ಟಿತು. ಕೂಸಿನ ನೆತ್ತಿಯ ಮೇಲೆ ಎರಡು ಬೆರಳಿಗೆ ಅದು ಮುಗಿದಿತ್ತು. ಆ ಮಾತನ್ನು ಅಲ್ಲೇ ಆಡಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ನೋಡ್ತೀನ್ರಿ ಆಯೀ, ಸ್ವಲ್ಪ ದಿನ ಬೇಕು” ಅಂದಳು.

ಮರುದಿನ ಪ್ರಯೋಗಾಲಯದಲ್ಲಿ ಫಕೀರೇಶ ಆ ಗಾಜಿನ ಸಾದಾ ಪ್ರತಿಯನ್ನು ಪರದೆಯ ಮೇಲೆ ಹಿಗ್ಗಿಸಿದರು. ಗಾಣಕ್ಕೆ ಹಾಕುವ ಮೊದಲು ಪ್ರತಿಯೊಂದು ಗಾಜಿನದೂ ಹಾಗೊಂದು ಪ್ರತಿ ತೆಗೆದಿಡುವುದು ರೂಢಿ. ಕುರ್ಚಿಯ ಬೆನ್ನಿನ ಮೇಲ್ಗಡೆ, ಕತ್ತಲೆಯ ಹಿನ್ನೆಲೆಯಲ್ಲಿ, ಅಂಗೈಯಗಲ ಒರಟು ಜಾಗವೊಂದಿತ್ತು.

“ನೋಡಿಲ್ಲಿ. ಚಾಕೂ ತುದೀಲೆ ಕೆರದಾರ. ಮುದುಕಿ ಹೇಳಿದ್ದು ಖರೆ ಐತಿ. ಮಾರಿ ಮಬ್ಬಾಗಿ ಬಂದಿತ್ತು, ಫೋಟೋ ಕೆಡಿಸ್ತೈತಿ ಅಂತ ಕೆರದು ಹಾಕ್ಯಾರ. ಆದ್ರ ಕೆರದಿದ್ದು ಮ್ಯಾಲಿನ ಪದರಷ್ಟ. ಕೆಳಗ ಇತ್ತು.”

“ಇತ್ತು ಅಂದ್ರ ಸರ್?”

ಫಕೀರೇಶ ಎದ್ದು ಹೋಗಿ ಕಪಾಟಿನಿಂದ ಆ ಗಾಜನ್ನೇ ತಂದು ಅವಳ ಮುಂದೆ ಹಿಡಿದರು. ಅದರಲ್ಲಿ ಏನೂ ಇರಲಿಲ್ಲ. ಆಚೆ ಅವರ ಅಂಗಿಯ ಗುಂಡಿಗಳು ಕಾಣುತ್ತಿದ್ದವು.

“ಅಂದ್ರ ಈಗಿಲ್ಲ” ಅಂದರು. “ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು. ನಂದೂ ತಪ್ಪೈತಿ, ಇಡೀ ಗಾಜು ಓದೂನು ಅಂತ ನಾ ಹಟ ಹಿಡೀಬೇಕಿತ್ತು. ನಿನಗ ಉದ್ಘಾಟನೆ ಗಡಿಬಿಡಿ, ನನಗ ನಿನ್ನ ಗಡಿಬಿಡಿ. ಹೋಗಿ ಹೇಳಿಬಿಡು.”

“ಹೆಂಗ ಹೇಳ್ಲಿ ಸರ್?”

“ಬಾಯಿಲೆ ಹೇಳು.”

ಅವಳು ಹೇಳಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ಆ ಬೋರ್ಡಿನ ಕಡೆ ನೋಡದಂತೆ ಕತ್ತು ತಿರುಗಿಸಿಕೊಂಡಳು. ಖಾಕಿ ಅಂಗಿಯ ಹೆಂಗಸು ಯಾರು ಕಂಡರೂ ಶಿವಲೀಲಾಳೇ ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಅವಳು ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅವಳ ತಾಯಿ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಶಾಲ್ಮಲಾ ಎದುರಿಗೆ ಕೂತಿದ್ದಳು. ಮೊದಲ ರೊಟ್ಟಿ ತಟ್ಟೆಯಲ್ಲೇ ಆರಿ ಸೆಟೆದುಕೊಂಡಿತ್ತು.

“ಏನಾಗೇತಿ ನಿನಗ? ತಟ್ಟಿ ಮುಂದ ಕುಂತು ಗ್ವಾಡಿ ನೋಡಾಕತ್ತಿ.”

“ಏನಿಲ್ಲವ್ವ. ಒಬ್ಬಾಕಿ ಮುದುಕಿ ಬಂದಿದ್ಲು. ತಿಪ್ಪವ್ವ ಅಂತ. ಆಕಿ ತಾಯಿ ಫೋಟೋ ಬೇಕಂತ.”

“ತಿಪ್ಪವ್ವ?” ಗೌರವ್ವ ಕೈಹಿಟ್ಟು ಝಾಡಿಸಿದಳು. “ಪಾಪ, ಅದು ಹೌಸಿಗೆ ಇಟ್ಟ ಹೆಸರಲ್ಲ ತಗೊ, ಜೀವ ಉಳಸಾಕ ಇಟ್ಟ ಹೆಸರು. ಹಿಂದಿನ ಕೂಸು ತೀರಿಕೊಂಡ್ರ, ಮುಂದಿನದನ್ನ ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲೆ ಉಳ್ಳಾಡಿಸಿ ಎತಗೊಂಡು ಬರತಿದ್ರು. ಜವರಾಯಗ ಹೊಲಸು ಅನಸ್ಲಿ, ಮುಟ್ಟದ ಹೋಗ್ಲಿ ಅಂತ. ನಮ್ಮ ಓಣ್ಯಾಗ ಒಬ್ಬಾಂವ ತಿಪ್ಪಣ್ಣ ಇದ್ದ, ಅವರವ್ವಗ ಮೂರು ಹೋಗಿದ್ವು.”

“ಹೂಂ” ಅಂದಳು ಶಾಲ್ಮಲಾ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ತಿಪ್ಪವ್ವನ ಮೂಗು ಉದ್ದ, ತುದಿ ಸ್ವಲ್ಪ ಬಾಗಿದೆ, ಮೊಮ್ಮಗಳಿಗೂ ಅದೇ ಮೂಗು ಬಂದಿದೆ, ಅಂದರೆ ತಾಯಿಗೂ ಇದ್ದಿರಬೇಕು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಇದು. ಇಲ್ಲವಾದ ಮುಖವನ್ನು ಮಾಡಿಬಿಟ್ಟರೆ? ಮೋಸ ನಿಜ, ಆದರೆ ಯಾರಿಗೆ ನಷ್ಟ? ಮುದುಕಿ ಕಣ್ತುಂಬ ನೋಡಿ ನೆಮ್ಮದಿಯಿಂದ ಹೋಗುತ್ತಾಳೆ. ತಪ್ಪು ಮಾಡಿದವರ ದಯೆಯ ಹಾಗೆ ಅಪಾಯದ್ದು ಇನ್ನೊಂದಿಲ್ಲ. ಅದು ಪರರಿಗಾಗಿ ಎನ್ನುತ್ತ ತನ್ನ ಬೆನ್ನನ್ನೇ ಕೆರೆದುಕೊಳ್ಳುತ್ತಿರುತ್ತದೆ.

ಹೋಲಿಕೆ ನೋಡಬೇಕು ಎಂದು ಹೇಳಿ ಅವಳು ಅಜ್ಜಿ ಮೊಮ್ಮಗಳಿಬ್ಬರನ್ನೂ ಪ್ರಯೋಗಾಲಯಕ್ಕೆ ಕರೆಸಿದಳು. ತಿಪ್ಪವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು ಬಂದಿದ್ದಳು.

“ಏನಾಯೀ, ಲಗ್ನಕ್ಕ ಹೊಂಟಂಗ ಬಂದೀರಿ” ಎಂದು ಫಕೀರೇಶ ನಗಾಡಿದರು.

“ಅವ್ವನ ಮುಂದ ಹೋಗೂದಲ್ಲೋ ಯಪ್ಪಾ. ಹೊಲಸು ಸೀರ್‍ಯಾಗ ಹೋದ್ರ ಏನಂದಾಳು?”

ಫಕೀರೇಶರ ನಗು ನಿಂತುಹೋಯಿತು. ಅವರು ಶಾಲ್ಮಲಾಳ ಕಡೆ ನೋಡಿದರು. ಅವಳು ಕ್ಯಾಮೆರಾ ಸರಿಮಾಡುತ್ತಿದ್ದಳು. ಹೊರಡುವಾಗ ಶಿವಲೀಲಾ ಹಿಂದೆ ಉಳಿದು ದನಿ ತಗ್ಗಿಸಿ ಹೇಳಿದಳು: “ಮೇಡಂ, ಲಗೂನ ಮಾಡ್ರಿ. ನಿಮ್ಮ ಪರದೆ ನೋಡಿ ಬಂದಾಗಿಂದ ಆಯಿ ಸರೀ ಉಣ್ಣವಲ್ಲಳು. ಆ ಫೋಟೋ ಮುಂದ ಕುಂತಬಿಡ್ತಾಳ. ಕೇಳಿದ್ರ, ಅವ್ವ ಹೇಳ್ತಾಳ ತಡಿ ಅಂತಾಳ. ಏನು ಹೇಳ್ತಾಳಂತ ಕೇಳಿದ್ರ ಸುಮ್ಮನ.”

ಶಾಲ್ಮಲಾ ಅದನ್ನು ಹಂಬಲ ಎಂದುಕೊಂಡಳು. ಅವಳ ಕೈ ಇನ್ನೂ ಬಿರುಸಾಗಿ ಓಡಿತು.

ಮೂಗನ್ನು ತಿಪ್ಪವ್ವನಿಂದ ತೆಗೆದುಕೊಂಡಳು. ಗದ್ದ, ಹುಬ್ಬು ಶಿವಲೀಲಾಳದು. ಚರ್ಮದ ಹೊಳಪನ್ನು, ಕಿವಿಯ ಬೆಂಡೋಲೆಯನ್ನು ಅದೇ ಸ್ಟುಡಿಯೋದ ಬೇರೆ ಗಾಜುಗಳಿಂದ ಎತ್ತಿದಳು. ಜಮಖಾನ ಮೆಲ್ಲಗೆ ಸರಿಯುವಂತೆ, ಮುಖವೊಂದು ಈಚೆ ಬಾಗುವಂತೆ ಮಾಡಿದಳು. ಎಲ್ಲ ಮುಗಿದ ಮೇಲೂ ಆ ಮುಖ ಸಪ್ಪೆ ಕಂಡಿತು. ತೊಂಬತ್ತು ವರ್ಷ ಕಾದ ಮಗಳಿಗೆ ಸಪ್ಪೆ ಮುಖ ಕೊಡುವುದೇ? ಗಾಣದಲ್ಲಿ ಓದಿಟ್ಟಿದ್ದ ಮದುವಣಗಿತ್ತಿಯೊಬ್ಬಳ ನಗುವನ್ನು ತಂದು ಅದರ ತುಟಿಗೆ ಹಚ್ಚಿದಳು. ಮುಖ ಅರಳಿತು. ಕೂಸನ್ನು ನೋಡಿ ನಗುವ ತಾಯಿ.

ಹಿಂದೆ ಫಕೀರೇಶ ಬಂದು ನಿಂತಿದ್ದು ಅವಳಿಗೆ ಗೊತ್ತಾಗಿರಲಿಲ್ಲ.

“ಯಾರ ಮಾರಿ ಇದು?”

“ಯಾರದೂ ಅಲ್ಲ ಸರ್.”

“ಯಾರದೂ ಅಲ್ಲದ್ದನ್ನ ತಾಯಿ ಅಂತ ಕೊಡತಿ?”

“ಖರೆ ಹೇಳಿದ್ರ ಆ ಜೀವ ತಡಕೊಳ್ತೈತೇನ್ರಿ? ನಿಮಗ ಆಕಿ ಸೀರಿ ಕಾಣ್ಲಿಲ್ಲೇನು?”

“ಕಂಡ್ತು. ಅದಕ್ಕ ಹೇಳಾಕತ್ತೀನಿ” ಅಂದರು ಅವರು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಹೋದರು. ಬೇಡ ಎಂದು ಕೈ ಹಿಡಿದು ನಿಲ್ಲಿಸುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಅವಳ ತಪ್ಪಿನಲ್ಲಿ ಅವರದೂ ಪಾಲಿತ್ತಲ್ಲ.

ತಿಪ್ಪವ್ವನ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಕ್ಕಪಕ್ಕದ ಮಗ್ಗಗಳ ಸದ್ದು ಒಳಗೆ ಕೇಳುತ್ತಿತ್ತು. ನಡುಮನೆಯ ಗೋಡೆಯ ಮೇಲೆ, ದೇವರ ಮಾಡದ ಪಕ್ಕ, ಆ ಫೋಟೋ. ಕಟ್ಟು ಹಳೆಯದು, ಗಾಜು ಹೊಸದಾಗಿ ಒರೆಸಿದ್ದು. ಶಿವಲೀಲಾ ಚಹಾ ತಂದಿಟ್ಟಳು, ಅವಲಕ್ಕಿ ಕಲಸಿ ತಂದಿಟ್ಟಳು. ಶಾಲ್ಮಲಾ ಎರಡನ್ನೂ ಪಕ್ಕಕ್ಕೆ ಸರಿಸಿದಳು. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ತೆರೆದಳು. ತಿಪ್ಪವ್ವ ಅದೇ ಇಳಕಲ್ ಸೀರೆಯಲ್ಲಿ ಎದುರಿಗೆ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಜಮಖಾನ ಸರಿಯಿತು. ಮುಖ ಬಂತು. ಕೂಸಿನ ಕಡೆ ಬಾಗಿ ನಕ್ಕಿತು. ಕೂಸು ಕಣ್ಣು ಮಿಟುಕಿಸಿತು.

“ಅಯ್ಯ ಶಿವನ! ಆಯೀ, ಥೇಟ್ ನಿನ್ನಂಗ ಅದಾಳ ನೋಡ!” ಶಿವಲೀಲಾ ಕೈ ತಟ್ಟಿದಳು.

ತಿಪ್ಪವ್ವ ಎರಡನೆಯ ಸಲ ನೋಡಿದಳು. ಮೂರನೆಯ ಸಲಕ್ಕೆ ಆ ತುಟಿಯ ಮೇಲೆ ಬೆರಳಿಟ್ಟಳು.

“ನಗತಾಳೇನು?”

“ಹೂಂ ರೀ ಆಯೀ.”

“ಕೂಸಿನ್ನ ನೋಡಿ ನಗತಾಳ.”

“ಹೂಂ.”

“ಹಂಗಾದ್ರ ಜೀವ ಇತ್ತು” ಅಂದಳು ಮುದುಕಿ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ಯವ್ವಾ, ನಮ್ಮವ್ವಾ, ಜೀವ ಇತ್ತಲ್ಲ ಅದಕ್ಕ!”

ಶಿವಲೀಲಾ ಗಾಬರಿಯಿಂದ ಅವಳ ಭುಜ ಹಿಡಿದುಕೊಂಡಳು. “ಏನಾತ ಆಯೀ? ಯಾವುದಕ್ಕ?”

“ಅದು ನಾ ಅಲ್ಲ ಶಿವೀ. ನಮ್ಮಕ್ಕ. ನನಗಿಂತ ಮೊದಲ ಹುಟ್ಟಿದಾಕಿ. ನೀವೆಲ್ಲಾ ನಾನ ಅಂತ ತಿಳಕೊಂಡ್ರಿ, ನಾನೂ ಸುಮ್ಮನಿದ್ದೆ. ಜ್ವರ ಬಂದು ಸತ್ಲಂತ. ಹೂಳಾಕ ಒಯ್ಯೂ ದಾರ್‍ಯಾಗ ಸ್ಟುಡಿಯೋಕ ಒಯ್ದ್ರಂತ, ಒಂದು ಫೋಟೋನರ ಇರ್ಲಿ ಅಂತ. ಸತ್ತ ಕೂಸು ಕುಂದ್ರಂಗಿಲ್ಲಲ್ಲ, ಅದಕ್ಕ ನಮ್ಮವ್ವ ಹಿಂದ ಕುಂತು ಹಿಡಕೊಂಡ್ಲು. ಅಲ್ಲಿಂದ ಸೀದಾ ಕುಣಿಗೆ. ನಮ್ಮ ಚಿಗವ್ವ ಸಾಯೂಮುಂದ ನನಗಷ್ಟ ಹೇಳಿದ್ಲು.” ಅವಳು ಶಾಲ್ಮಲಾಳ ಕಡೆ ತಿರುಗಿದಳು. “ನೀ ತೋರಿಸಿದಿ, ಕೂಸು ಕಣ್ಣು ಮಿಟುಕಿಸ್ತು. ಗಾಣ ಸುಳ್ಳು ಹೇಳಂಗಿಲ್ಲ ಅಂದಿ. ಅವತ್ತಿಂದ ನನಗ ಅನ್ನ ಇಳದಿಲ್ಲ. ಅವ್ವನ ಮಾರಿ ನೋಡಿದ್ರ ತಿಳೀತೈತಿ ಅಂದ್ಕೊಂಡಿದ್ನಿ. ಆಕಿ ಅಳತಿದ್ರ ಕೂಸು ಸತ್ತಿತ್ತು. ಆಕಿ ನಗತಾಳಲ್ಲವಾ! ಜೀವ ಇದ್ದ ಕೂಸಿನ್ನ ಹೂತು ಬಂದ್ರೇನು ನಮ್ಮವರು?”

ಗೌರವ್ವ ರೊಟ್ಟಿ ಬಡಿಯುತ್ತ ಹೇಳಿದ್ದು ಆಗ ಶಾಲ್ಮಲಾಳ ಕಿವಿಗೆ ಬಿತ್ತು. ಆ ಹೆಸರು. ಅಲುಗಾಡದ ಕೂಸು. ಪೆನ್ಸಿಲ್‌ನಿಂದ ಬರೆದ ಕಣ್ಣು. ಊರಿನಲ್ಲೇ ಹುಟ್ಟಿ ಬೆಳೆದವಳು, ಫೋಟೋವನ್ನೇ ಉಸಿರಾಡುವವಳು, ಎಲ್ಲ ಎದುರಿಗೇ ಇದ್ದರೂ ಕಾಣದೆ ಹೋದಳು. ನೆಮ್ಮದಿ ಕೊಡುತ್ತೇನೆಂದು ಹೊರಟವಳು ಈ ಮುದುಕಿಯ ಹೊಟ್ಟೆಯೊಳಗೆ ಕೆಂಡ ಇಟ್ಟಿದ್ದಳು.

“ಇಲ್ಲ ಆಯೀ, ಇಲ್ಲ” ಎಂದಳು. “ಸುಳ್ಳು. ಗಾಣದ್ದಲ್ಲ, ನಂದು. ಆ ಕಣ್ಣು ಬ್ಯಾರೆ ಕೂಸಿನ್ವು, ನಾ ಹಚ್ಚಿದ್ದು. ಮಿಟುಕಿಸಿದ್ದೂ ನಾನ ಮಾಡಿದ್ದು. ಈ ಮಾರಿ ನಿಮ್ಮವ್ವಂದಲ್ಲ. ನಿಮ್ಮ ಮೂಗು, ಶಿವಲೀಲಾನ ಗದ್ದ, ಇನ್ನ ಯಾರದೋ ನಗು. ನಿಮ್ಮವ್ವನ ಖರೆ ಮಾರಿ ಗಾಜಿನಾಗ ಇತ್ತು ಆಯೀ. ನಾ ಕೂಸಿಗಷ್ಟ ಚೌಕಟ್ಟು ಹಾಕಿದ್ನಿ. ಅದು ಸುಟ್ಟು ಹೋತು. ನಾ ಸುಟ್ಟೆ.”

“ಏನು ಮಂದಿ ರೀ ನೀವು?” ಶಿವಲೀಲಾ ಎದ್ದು ನಿಂತಳು. “ಹೊಟ್ಟಿಗೆ ಅನ್ನ ತಿಂತೀರೋ ಏನು ತಿಂತೀರಿ? ಏಳ್ರಿ ಮ್ಯಾಲೆ! ನಿಮ್ಮ ಡಬ್ಬಿ ತಗೊಂಡು ನಡೀರಿ ಮೊದಲ!”

“ಸುಮ್ಮನಿರು ಶಿವೀ.” ತಿಪ್ಪವ್ವನ ಕಣ್ಣು ಶಾಲ್ಮಲಾಳ ಮೇಲಿಂದ ಕದಲಲಿಲ್ಲ. “ಕೂಸು? ಅದಕ್ಕ ಜೀವ ಇತ್ತೋ ಇಲ್ಲೋ, ಅಷ್ಟು ಹೇಳು.”

ಬಾಯಿಮಾತಿಗೆ ಇನ್ನು ಯಾವ ಬೆಲೆ? ಶಾಲ್ಮಲಾ ಗಾಣ ಓದಿದ ಮೂಲಪ್ರತಿಯನ್ನು ತೆರೆದಳು. ತಾನು ಮುಟ್ಟುವ ಮುಂಚಿನದು, ತಿದ್ದದೆ, ಒರೆಸದೆ ಬಿಟ್ಟದ್ದು. ಪರದೆಯ ಮೇಲೆ ಕೂಸು ಬಂತು. ಕಣ್ಣಿನ ಜಾಗ ಖಾಲಿ. ಬೆರಳು ಅಲುಗಲಿಲ್ಲ, ತುಟಿ ಅಲುಗಲಿಲ್ಲ, ಅಂಗಿಯ ಎದೆಯ ಮೇಲಿನ ನಿರಿಗೆ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಯಾವ ಕೂಸೂ ನಾಲ್ಕು ಸೆಕೆಂಡು ಉಸಿರು ಬಿಡದೆ ಕೂರುವುದಿಲ್ಲ.

“ಸತ್ತಿತ್ತು” ಅಂದಳು ತಿಪ್ಪವ್ವ. ಒಂದು ದೊಡ್ಡ ಉಸಿರು ಬಿಟ್ಟಳು. “ಸತ್ತ ಇತ್ತವಾ. ಪುಣ್ಯಾ.”

ಆದರೆ ಶಾಲ್ಮಲಾ ಕೂಸನ್ನು ನೋಡುತ್ತಿರಲಿಲ್ಲ. ಅದರ ಹಿಂದೆ ಜಮಖಾನ ನಡುಗುತ್ತಿತ್ತು. ಮೋಟಾರ್ ನಡುಗಿದ್ದರೆ ಕುರ್ಚಿ ನಡುಗಬೇಕಿತ್ತು, ಕೂಸು ನಡುಗಬೇಕಿತ್ತು. ಇಲ್ಲಿ ಜಮಖಾನ ಒಂದೇ, ಅದೂ ಒಂದೇ ಸಮ ಅಲ್ಲ. ತುಸು ಏರುತ್ತಿತ್ತು, ತಡೆದು ನಿಲ್ಲುತ್ತಿತ್ತು, ಮತ್ತೆ ಬಿಕ್ಕುತ್ತಿತ್ತು. ನೇಯ್ದ ನವಿಲುಗಳು ಅದರ ಜೊತೆ ಅದುರುತ್ತಿದ್ದವು. ಇದನ್ನೇ ಅವಳು ದೋಷ ಎಂದು ಒರೆಸಿದ್ದಳು.

“ಆಯೀ” ಎಂದು ಅವಳು ಬೆರಳು ತೋರಿಸಿದಳು.

ತಿಪ್ಪವ್ವ ಆಗಲೇ ಮುಂದಕ್ಕೆ ಬಾಗಿದ್ದಳು. ಮೂಗು ಪರದೆಗೆ ತಾಗುವಷ್ಟು ಹತ್ತಿರ.

“ಅಳತಾಳ” ಅಂದಳು ಪಿಸುದನಿಯಲ್ಲಿ. “ಶಿವೀ, ನೋಡ ಇಲ್ಲಿ. ನಮ್ಮವ್ವ ಅಳತಾಳ.”

ಶಿವಲೀಲಾ ಕೆಳಗೆ ಕೂತಳು. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ತಿಪ್ಪವ್ವ ಪರದೆಯ ಮೇಲಂಚು ತೋರಿಸಿ ಕೇಳಿದಳು:

“ಇದರ ಮ್ಯಾಲೆ ಇನ್ನ ಇಲ್ಲೇನವಾ? ಇಷ್ಟಕ್ಕ ಮುಗೀತೇನು?”

“ಇಷ್ಟ ಆಯೀ.”

ಮುದುಕಿ ತಲೆಯಾಡಿಸಿದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಶಿವಲೀಲಾಳಂತೆ ನಾಲ್ಕು ಮಾತು ಬೈದಿದ್ದರೆ ಶಾಲ್ಮಲಾ ತಲೆ ಬಗ್ಗಿಸಿ ಕೇಳಿ, ಅತ್ತು, ಸ್ವಲ್ಪ ಹಗುರಾಗಿ ಮನೆಗೆ ಹೋಗುತ್ತಿದ್ದಳು. ಅದೂ ಅವಳಿಗೆ ಸಿಗಲಿಲ್ಲ.

“ಆ ಬೋರ್ಡು ಇಳಸು” ಅಂದಳು ತಿಪ್ಪವ್ವ. “ಅದರ ಕಣ್ಣು ಮುಚ್ಚು. ಮಲಗಿದ ಕೂಸಿನ್ನ ಎಬ್ಬಸಬಾರದು ತಂಗಿ.”

“ಇವತ್ತ ಇಳಸ್ತೀನ್ರಿ.”

“ಇದನ್ನ ಇನ್ನೊಮ್ಮೆ ಹಚ್ಚು.”

ಶಾಲ್ಮಲಾ ಗುಂಡಿ ಒತ್ತಿದಳು. ಜಮಖಾನ ಏರಿತು, ತಡೆಯಿತು, ಬಿಕ್ಕಿತು. ತಿಪ್ಪವ್ವ ನರ ಎದ್ದ ತನ್ನ ಕೈಯನ್ನು ಪರದೆಯ ಮೇಲಿಟ್ಟು, ಬೆನ್ನು ಸವರುವ ಹಾಗೆ ಮೇಲಿಂದ ಕೆಳಕ್ಕೆ ಮೆಲ್ಲಗೆ ಸವರಿದಳು.

“ಸುಮ್ಮನಿರು ಯವ್ವಾ” ಅಂದಳು. “ಅಳಬ್ಯಾಡ. ಒಂದೀಟು ತಡಿ. ನಾ ಬರಾಕತ್ತೀನಿ.”

ನಾಲ್ಕು ಸೆಕೆಂಡು ಮುಗಿಯಿತು. “ಇನ್ನೊಮ್ಮೆ” ಅಂದಳು. ಶಾಲ್ಮಲಾ ಮತ್ತೆ ಒತ್ತಿದಳು. ಮುದುಕಿಯ ಕೈ ಜಮಖಾನದ ಮೇಲೆ ಮೇಲಕ್ಕೆ ಸರಿಯುತ್ತ ಹೋಗಿ, ಕೂಸಿನ ನೆತ್ತಿ ದಾಟಿ, ಎರಡು ಬೆರಳಿನಷ್ಟು ದೂರದಲ್ಲಿ ಚೌಕಟ್ಟು ಮುಗಿದಲ್ಲಿ ನಿಂತಿತು.